ಒಂದೇ ಸೂರಿನಡಿ ಚಿಕಿತ್ಸೆ: ‘ಯಶಸ್ವಿ’ ಎನ್ನುವುದು ಯಾವಾಗ?

ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ರಾತ್ರಿ ನಿದ್ದೆ ಬಾರದಿರುವುದು. ಈ ನಾಲ್ಕೂ ಒಬ್ಬರಿಗೇ ಇರುವ ಮನೆ ಯಾರದ್ದು ಎಂದು ಕೇಳಿದರೆ ತರಗತಿಯಲ್ಲಿ ಸಾಕಷ್ಟು ಕೈಗಳು ಮೇಲೇಳುತ್ತವೆ. ಅಜ್ಜಿಯದೋ, ನಾನಿಯದೋ, ಕೆಲವೊಮ್ಮೆ ಅಪ್ಪನದೋ ಹೆಸರು ಹೇಳುತ್ತೀರಿ. ಕಾಯಿಲೆಗಳು ನಾಲ್ಕಾದರೂ ದೇಹ ಒಂದೇ. ಆದರೆ ಆಸ್ಪತ್ರೆಗೆ ಹೋದರೆ ಒಂದೊಂದಕ್ಕೂ ಬೇರೆ ಕೊಠಡಿ, ಬೇರೆ ಸಾಲು, ಬೇರೆ ಚೀಟಿ. ಬರೆದುಕೊಟ್ಟ ಮಾತ್ರೆಗಳು ಮಾತ್ರ ಮನೆಗೆ ಬಂದು ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸೇರಿಕೊಳ್ಳುತ್ತವೆ.

ಇವೆಲ್ಲವನ್ನೂ ಒಂದೇ ತಂಡ, ಒಂದೇ ದಾಖಲೆ ಇಟ್ಟುಕೊಂಡು ಒಟ್ಟಾಗಿ ನೋಡಿಕೊಳ್ಳುವ ಕ್ರಮಕ್ಕೆ ಸಂಯೋಜಿತ ಆರೋಗ್ಯ ಸೇವೆ ಎನ್ನುತ್ತಾರೆ. ಹೆಸರು ಹೊಸದಾಗಿ ಕೇಳಿಸಬಹುದು, ಯೋಚನೆ ಹಳೆಯದು. ನಿಮ್ಮಲ್ಲಿ ಅನೇಕರು ಅಂಗನವಾಡಿಗೆ ಹೋದವರು. ಅದನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಪೌಷ್ಟಿಕ ಆಹಾರ, ಲಸಿಕೆ, ತಪಾಸಣೆ, ಶಾಲೆಗೆ ಮುಂಚಿನ ಕಲಿಕೆ, ಇವುಗಳಿಗಾಗಿ ತಾಯಿಯನ್ನು ನಾಲ್ಕು ಬಾಗಿಲಿಗೆ ಅಲೆಸಬಾರದು ಎಂಬುದೇ ಅಲ್ಲಿಯ ಮೂಲ ವಿಚಾರ.

ನಾನು ವೈದ್ಯೆಯಲ್ಲ, ಸಂಖ್ಯಾಶಾಸ್ತ್ರ ಕಲಿಸುವವಳು. ಈ ವಿಷಯಕ್ಕೆ ನಾನು ಬಂದದ್ದು ಬೇರೆ ದಾರಿಯಿಂದ. ಎಲ್ಲವನ್ನೂ ಒಟ್ಟಿಗೆ ಮಾಡೋಣ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಯಾರೂ ಬೇಡ ಎನ್ನದ ಯೋಜನೆಯನ್ನು ಪರೀಕ್ಷಿಸಲೂ ಯಾರೂ ಮುಂದಾಗುವುದಿಲ್ಲ. ಉದ್ಘಾಟನೆಯಾಗುತ್ತದೆ, ಎಷ್ಟು ಜನ ಬಂದರು ಎಂದು ಎಣಿಸುತ್ತಾರೆ, ಫೋಟೋ ತೆಗೆಯುತ್ತಾರೆ, ವರದಿಯಲ್ಲಿ ‘ಯಶಸ್ವಿಯಾಗಿ ನೆರವೇರಿತು’ ಎಂದು ಬರೆಯುತ್ತಾರೆ. ಆ ಕವರಿನ ಮಾತ್ರೆ ನುಂಗುವವರಿಗೆ ನಿಜವಾಗಿ ಏನಾದರೂ ಬದಲಾಯಿತೇ? ಬದಲಾಗಿದ್ದರೆ ಅದು ಯೋಜನೆಯಿಂದಲೇ ಆದದ್ದೇ? ಯೋಜನೆಯ ಯಾವ ಭಾಗದಿಂದ? ಈ ಪ್ರಶ್ನೆಗಳು ನನ್ನ ವಿಷಯಕ್ಕೆ ಸೇರಿದವು.

ನಮ್ಮ ಮನೆಗೂ ಸೇರಿದವು. ಅಬ್ಬಾ ತೀರಿಕೊಂಡ ಮೇಲೆ ನಮ್ಮ ಅಮ್ಮಿ ಸಕ್ಕರೆಗೆ ಒಬ್ಬ ವೈದ್ಯರಲ್ಲಿ, ಬಿಪಿಗೆ ಅಕ್ಕನ ಮನೆಯ ಹತ್ತಿರದ ಇನ್ನೊಬ್ಬರಲ್ಲಿ, ಮಂಡಿಗೆ ಮೂರನೆಯವರಲ್ಲಿ ತೋರಿಸುತ್ತಿದ್ದರು. ಒಂದು ಸಂಜೆ ಮೆಡಿಕಲ್ ಅಂಗಡಿಯ ಹುಡುಗ ಅವರ ಸ್ಟ್ರಿಪ್‌ಗಳನ್ನೆಲ್ಲ ಗಲ್ಲೆಯ ಮೇಲೆ ಸಾಲಾಗಿ ಇಟ್ಟು, “ಮೇಡಂ, ಈ ಎರಡರ ಹೆಸರು ಬೇರೆ, ಒಳಗಿರೋದು ಒಂದೇ ಔಷಧಿ” ಎಂದ. ಎರಡೂ ಮೆಟ್‌ಫಾರ್ಮಿನ್. ಸಕ್ಕರೆಯ ವೈದ್ಯರು ಒಂದು ಕಂಪನಿಯದನ್ನು ಬರೆದಿದ್ದರು. ರಕ್ತಪರೀಕ್ಷೆಯ ವರದಿ ನೋಡಿದ ಬಿಪಿ ವೈದ್ಯರು ಇನ್ನೊಂದು ಕಂಪನಿಯದನ್ನು ಸೇರಿಸಿದ್ದರು. ಮಂಡಿಗೆಂದು ದಿನಾ ನುಂಗುತ್ತಿದ್ದ ನೋವಿನ ಮಾತ್ರೆ ಬಿಪಿಯನ್ನು ಏರಿಸಬಲ್ಲದು ಎಂಬುದು ಆಮೇಲೆ ತಿಳಿಯಿತು. ಮೂವರೂ ಕೆಟ್ಟ ವೈದ್ಯರಲ್ಲ. ತಮ್ಮ ತಮ್ಮ ಭಾಗವನ್ನು ಸರಿಯಾಗಿಯೇ ನೋಡಿದ್ದರು. ಮೂರನ್ನೂ ಕೂಡಿಸಿ ನೋಡುವ ಕೆಲಸ ಯಾರ ಪಾಲಿಗೂ ಬಂದಿರಲಿಲ್ಲ, ಕೊನೆಗೆ ಅಂಗಡಿಯ ಹುಡುಗನ ಪಾಲಿಗೆ ಬಂತು. ಇನ್ನೊಂದು ಮಾತು: ಮೂರು ಚೀಟಿಗಳೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಊಟದ ಲೆಕ್ಕದಲ್ಲೇ ಇದ್ದವು. ರಂಜಾನಿನಲ್ಲಿ ಉಪವಾಸ ಹಿಡಿಯುತ್ತೀರಾ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಅವರು ಹಿಡಿಯುತ್ತಿದ್ದರು, ಮಾತ್ರೆಗಳ ಹೊತ್ತನ್ನು ತಾವೇ ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ಸಕ್ಕರೆ ಇರುವವರು ಹೀಗೆ ತಾವೇ ಹೊಂದಿಸಿಕೊಳ್ಳುವುದು ಅಪಾಯ. ರಂಜಾನಿಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು.

ಅಂದಮೇಲೆ ಒಟ್ಟಿಗೆ ನೋಡುವ ವ್ಯವಸ್ಥೆ ಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ಬೇಕು ಎನ್ನುವವರೇ ಅದನ್ನು ಹೆಚ್ಚು ಗಟ್ಟಿಯಾಗಿ ಪರೀಕ್ಷಿಸಬೇಕು ಎಂಬುದು ನನ್ನ ನಿಲುವು.

ಪರೀಕ್ಷೆ ಎಲ್ಲಿಂದ ಶುರುವಾಗಬೇಕು? ಅಮೆರಿಕದಲ್ಲಿದ್ದ ವೈದ್ಯ ಅವೇಡಿಸ್ ಡೊನಾಬೇಡಿಯನ್ 1966ರಲ್ಲಿ ಬರೆದ ಲೇಖನವೊಂದರಲ್ಲಿ ಆರೋಗ್ಯ ಸೇವೆಯ ಗುಣಮಟ್ಟವನ್ನು ಮೂರು ಕಡೆ ನೋಡಬಹುದು ಎಂದರು: ಏನೇನು ಇದೆ (ಕಟ್ಟಡ, ಸಿಬ್ಬಂದಿ, ಔಷಧ), ಏನೇನು ಮಾಡಿದರು (ತಪಾಸಣೆ, ಸಲಹೆ, ಚಿಕಿತ್ಸೆ), ಕೊನೆಗೆ ರೋಗಿಗೆ ಏನಾಯಿತು. ಕೇಳಲು ತೀರಾ ಸರಳ. ಆದರೂ ನಮ್ಮ ಕಡೆಯ ವರದಿಗಳನ್ನು ಓದಿನೋಡಿ, ಹೆಚ್ಚಿನವು ಮೊದಲ ಎರಡರಲ್ಲೇ ಮುಗಿಯುತ್ತವೆ. ಇಷ್ಟು ಜನರಿಗೆ ತರಬೇತಿ, ಇಷ್ಟು ಜನರಿಗೆ ತಪಾಸಣೆ. ಮೂರನೆಯದಕ್ಕೆ ಹೋಗಬೇಕಾದರೆ ಅದೇ ಜನರ ಹತ್ತಿರ ಮತ್ತೆ ಹೋಗಬೇಕು. ಅದು ಕಷ್ಟ, ಹಾಗಾಗಿ ಬಿಟ್ಟುಬಿಡುತ್ತಾರೆ.

ಆದರೆ ಮತ್ತೆ ಹೋಗಿ ನೋಡಿದರೂ ಸಾಲದು. ಇದಕ್ಕೆ ಅಮೆರಿಕದ ಕ್ಯಾಮ್ಡೆನ್ ಎಂಬ ಊರಿನ ಕಥೆ ಹೇಳಬೇಕು.

ಕ್ಯಾಮ್ಡೆನ್ ನ್ಯೂಜೆರ್ಸಿ ರಾಜ್ಯದ ಬಡ ಪಟ್ಟಣ. ಅಲ್ಲಿ ಜೆಫ್ರಿ ಬ್ರೆನ್ನರ್ ಎಂಬ ವೈದ್ಯರು ಆಸ್ಪತ್ರೆಯ ಲೆಕ್ಕಗಳನ್ನು ತಿರುವಿಹಾಕಿ ಒಂದು ಸಂಗತಿ ಗಮನಿಸಿದರು. ಕೆಲವೇ ಕೆಲವು ರೋಗಿಗಳು ಮತ್ತೆ ಮತ್ತೆ ದಾಖಲಾಗುತ್ತಿದ್ದರು, ಒಟ್ಟು ಖರ್ಚಿನ ದೊಡ್ಡ ಪಾಲು ಅವರದೇ. ಅವರಿಗೆ ಹಲವು ಕಾಯಿಲೆಗಳು, ಜೊತೆಗೆ ಮನೆಯಿಲ್ಲ, ಕುಡಿತ, ಒಂಟಿತನ. ಇಂಥವರು ಆಸ್ಪತ್ರೆಯಿಂದ ಹೊರಬಿದ್ದ ಕೂಡಲೇ ನರ್ಸ್, ಸಮಾಜ ಕಾರ್ಯಕರ್ತರು, ಸಮುದಾಯ ಆರೋಗ್ಯ ಕಾರ್ಯಕರ್ತರು ಸೇರಿದ ತಂಡ ಅವರ ಬೆನ್ನಿಗೆ ನಿಲ್ಲುವ ಯೋಜನೆ ಮಾಡಿದರು. ತಂಡದವರು ಮನೆಗೆ ಹೋಗುತ್ತಾರೆ, ಮಾತ್ರೆಗಳನ್ನು ಜೋಡಿಸಿಕೊಡುತ್ತಾರೆ, ವೈದ್ಯರ ಬಳಿಗೆ ಜೊತೆಗೇ ಹೋಗುತ್ತಾರೆ, ಸರ್ಕಾರಿ ಸೌಲಭ್ಯಕ್ಕೆ ಅರ್ಜಿ ತುಂಬಿಸುತ್ತಾರೆ. ಸಂಯೋಜಿತ ಸೇವೆ ಎಂದರೆ ಇದಕ್ಕಿಂತ ಚೆನ್ನಾಗಿ ಇನ್ನೇನು ಮಾಡಲು ಸಾಧ್ಯ? ಪತ್ರಿಕೆಗಳು ಹೊಗಳಿದವು, ಬೇರೆ ಊರುಗಳೂ ಅದನ್ನೇ ಮಾಡಲು ಹೊರಟವು.

ಆ ತಂಡವನ್ನು ನಾನು ಮೆಚ್ಚುವುದು ಮುಂದಿನ ಕೆಲಸಕ್ಕೆ. ಹೊಗಳಿಕೆ ಬರುತ್ತಿದ್ದಾಗಲೇ ಅವರು ಹೊರಗಿನ ಸಂಶೋಧಕರನ್ನು ಕರೆದು, ನಮ್ಮನ್ನು ಪರೀಕ್ಷಿಸಿ ಎಂದರು. 2014ರಿಂದ 2017ರವರೆಗೆ 800 ರೋಗಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತಂಡದ ಸೇವೆ, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 180 ದಿನಗಳೊಳಗೆ ಮತ್ತೆ ಆಸ್ಪತ್ರೆಗೆ ದಾಖಲಾದವರು, ಸೇವೆ ಪಡೆದ ಗುಂಪಿನಲ್ಲಿ ಶೇ. 62.3, ಪಡೆಯದ ಗುಂಪಿನಲ್ಲಿ ಶೇ. 61.7. ವ್ಯತ್ಯಾಸವೇ ಇಲ್ಲ.

ಈಗ ಸ್ವಾರಸ್ಯದ ಭಾಗ. ಸೇವೆ ಪಡೆದ ಗುಂಪನ್ನಷ್ಟೇ ತೆಗೆದುಕೊಂಡು, ಸೇರುವುದಕ್ಕೆ ಮುಂಚಿನ ಆರು ತಿಂಗಳನ್ನೂ ನಂತರದ ಆರು ತಿಂಗಳನ್ನೂ ಹೋಲಿಸಿದರೆ ದಾಖಲಾತಿ 38 ಶೇಕಡಾ ಅಂಶದಷ್ಟು ಇಳಿದಂತೆ ಕಾಣುತ್ತದೆ. ಎಂಥ ಯಶಸ್ಸು! ಆದರೆ ಸೇವೆ ಪಡೆಯದ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಎರಡನೆಯ ಗುಂಪು ಇಲ್ಲದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇದು ಹೇಗೆ ಆಗುತ್ತದೆ? ನಮ್ಮ ಕಾಲೇಜಿನದೇ ಉದಾಹರಣೆ ತೆಗೆದುಕೊಳ್ಳಿ. ಮೊದಲ ಕಿರುಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಪಡೆದ ಹತ್ತು ಜನರನ್ನು ಆರಿಸಿ. ಅವರಲ್ಲಿ ಒಬ್ಬಳಿಗೆ ಅಂದು ಜ್ವರ ಇತ್ತು, ಒಬ್ಬನಿಗೆ ಬಸ್ ತಪ್ಪಿತ್ತು, ಇನ್ನೊಬ್ಬ ಓದದಿದ್ದ ಪಾಠದಿಂದಲೇ ಪ್ರಶ್ನೆ ಬಂದಿತ್ತು. ಏನೂ ಮಾಡದಿದ್ದರೂ ಮುಂದಿನ ಪರೀಕ್ಷೆಯಲ್ಲಿ ಈ ಹತ್ತು ಜನರ ಸರಾಸರಿ ಸ್ವಲ್ಪ ಮೇಲೆ ಬಂದೇ ಬರುತ್ತದೆ. ತೀರಾ ಕೆಳಗಿದ್ದದ್ದು ಸರಾಸರಿಯ ಕಡೆಗೆ ಮರಳುತ್ತದೆ. ನಡುವೆ ನಾನೊಂದು ವಿಶೇಷ ತರಗತಿ ನಡೆಸಿದ್ದರೆ, ಏರಿದ್ದಕ್ಕೆಲ್ಲ ನನ್ನ ಪಾಠವೇ ಕಾರಣ ಎಂದು ಎದೆಯುಬ್ಬಿಸಬಹುದು. (ಸಿಬ್ಬಂದಿ ಕೊಠಡಿಯ ಮಿತ್ರರು ಈ ಸಾಲನ್ನು ಎರಡು ಸಲ ಓದಲಿ.) ರೋಗಿಗಳ ವಿಷಯವೂ ಹಾಗೆಯೇ. ಕಾಯಿಲೆ ತೀರಾ ಉಲ್ಬಣವಾದಾಗಲೇ ಯೋಜನೆಗೆ ಸೇರಿಸಿಕೊಳ್ಳುತ್ತೇವೆ, ಆಮೇಲೆ ಇಳಿದದ್ದನ್ನೆಲ್ಲ ಯೋಜನೆಯ ಖಾತೆಗೆ ಬರೆಯುತ್ತೇವೆ.

ಕ್ಯಾಮ್ಡೆನ್ ಯೋಜನೆ ಯಾಕೆ ಕೆಲಸ ಮಾಡಲಿಲ್ಲ ಎಂಬುದಕ್ಕೆ ಹಲವು ವಿವರಣೆಗಳಿವೆ. ಅನೇಕ ರೋಗಿಗಳಿಗೆ ಗುರಿಯಿಟ್ಟ ದಿನಗಳೊಳಗೆ ಮನೆಭೇಟಿ, ವೈದ್ಯರ ಭೇಟಿ ಎರಡೂ ಆಗಲೇ ಇಲ್ಲ. ನನಗೆ ಇನ್ನೂ ಮುಖ್ಯವಾಗಿ ಕಾಣುವ ವಿವರಣೆ ಬೇರೆ: ಜೋಡಿಸುವವರು ಇದ್ದರು, ಜೋಡಿಸಲು ಸೇವೆಗಳೇ ಸಾಕಷ್ಟು ಇರಲಿಲ್ಲ. ಇರಲು ಮನೆಯೇ ಸಿಗದವನನ್ನು ಅರ್ಜಿ ತುಂಬಿಸಿ ಯಾವ ಬಾಗಿಲಿಗೆ ಕಳಿಸುತ್ತೀರಿ?

ಈಗ ನಮ್ಮ ನೆರೆಯ ಗೋವಾಕ್ಕೆ ಬನ್ನಿ. ಈ ಲೇಖನ ಬರೆಯಬೇಕು ಅನ್ನಿಸಿದ್ದೇ ಗೋವಾದ ಪ್ರಯೋಗದಿಂದ.

ನಮ್ಮ ಮನೆಗಳಲ್ಲಿ ಖಿನ್ನತೆ ಎಂಬ ಪದ ಬಳಸುವವರು ಕಡಿಮೆ. ಎದೆ ಭಾರ, ತಲೆಸಿಡಿತ, ಟೆನ್ಷನ್, ಊಟ ಸೇರಲ್ಲ, ನಿದ್ದೆ ಬರಲ್ಲ ಎನ್ನುತ್ತಾರೆ. ಹಾಗೆ ಹೇಳಿಕೊಂಡು ಹೋಗುವುದು ಮನೋವೈದ್ಯರ ಬಳಿಗಲ್ಲ, ಹತ್ತಿರದ ಸಾಮಾನ್ಯ ವೈದ್ಯರ ಬಳಿಗೆ. ಒಂದು ವಿಟಮಿನ್ ಮಾತ್ರೆ, ಒಂದು ನಿದ್ದೆ ಮಾತ್ರೆ ಹಿಡಿದು ಮನೆಗೆ ಬರುತ್ತಾರೆ. ಹಾಗಾದರೆ ಮನಸ್ಸಿನ ಕಾಯಿಲೆಯ ಚಿಕಿತ್ಸೆಯನ್ನು ಆ ಸಾಮಾನ್ಯ ವೈದ್ಯರ ಬಾಗಿಲಿಗೇ ತಂದರೆ? ವಿಕ್ರಂ ಪಟೇಲ್ ಮತ್ತು ಸಂಗಾತ್ ಎಂಬ ಸಂಸ್ಥೆಯ ತಂಡ ಗೋವಾದಲ್ಲಿ ಇದನ್ನೇ ಮಾಡಿನೋಡಿತು. ಯೋಜನೆಯ ಹೆಸರು ಮಾನಸ್.

ಕ್ರಮ ಹೀಗಿತ್ತು. ವೈದ್ಯಕೀಯ ಹಿನ್ನೆಲೆಯಿಲ್ಲದ ಸ್ಥಳೀಯ ಮಹಿಳೆಯರನ್ನು ಆರಿಸಿ, ಸಮಾಲೋಚಕಿಯರಾಗಿ ತರಬೇತಿ ಕೊಟ್ಟು ಆಸ್ಪತ್ರೆಗಳಲ್ಲಿ ಕೂರಿಸಿದರು. ಬಂದವರಿಗೆ ಕೆಲವು ಸರಳ ಪ್ರಶ್ನೆಗಳನ್ನು ಕೇಳಿ, ಖಿನ್ನತೆಯೋ ಆತಂಕವೋ ಇದೆಯೇ ಎಂದು ನೋಡುತ್ತಿದ್ದರು. ಇದ್ದರೆ ಸಮಾಲೋಚಕಿ ಕೂತು ಮಾತಾಡುತ್ತಾಳೆ, ಏನಾಗಿದೆ ಎಂದು ತಿಳಿಸಿ ಹೇಳುತ್ತಾಳೆ. ಕಾಯಿಲೆ ಹೆಚ್ಚಿದ್ದರೆ ಅಲ್ಲಿಯ ವೈದ್ಯರು ಔಷಧ ಕೊಡುತ್ತಾರೆ, ಇಲ್ಲವೇ ಸಮಾಲೋಚಕಿಯೇ ಕ್ರಮಬದ್ಧವಾದ ಮಾತಿನ ಚಿಕಿತ್ಸೆ ಮುಂದುವರಿಸುತ್ತಾಳೆ. ಕಷ್ಟದ ಪ್ರಕರಣಗಳಿಗೆ ಮನೋವೈದ್ಯರು ಬಂದು ಹೋಗುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ, ಬೇಕಾದವರಿಗೆ ಬೇಕಾದಷ್ಟು.

ಪ್ರಯೋಗಕ್ಕೆ 24 ಆಸ್ಪತ್ರೆಗಳನ್ನು ತೆಗೆದುಕೊಂಡರು: 12 ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು, 12 ಖಾಸಗಿ ಸಾಮಾನ್ಯ ವೈದ್ಯರ ಕ್ಲಿನಿಕ್‌ಗಳು. ಇಲ್ಲಿ ಚೀಟಿ ಎತ್ತಿದ್ದು ರೋಗಿಗಳ ಹೆಸರಿನಲ್ಲಲ್ಲ, ಆಸ್ಪತ್ರೆಗಳ ಹೆಸರಿನಲ್ಲಿ. ಯಾಕೆ? ಒಂದೇ ಆಸ್ಪತ್ರೆಯಲ್ಲಿ ಅರ್ಧ ರೋಗಿಗಳಿಗೆ ಹೊಸ ಕ್ರಮ, ಅರ್ಧಕ್ಕೆ ಹಳೆಯ ಕ್ರಮ ಎಂದರೆ ಅದು ಕಲಸಿಹೋಗುತ್ತದೆ. ವೈದ್ಯರು ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನ ಮರೆಯಲಾರರು. ಸಮಾಲೋಚಕಿಯ ಮಾತು ಬೆಂಚಿನ ಮೇಲೆ ಕೂತ ಪಕ್ಕದವರ ಕಿವಿಗೂ ಬೀಳುತ್ತದೆ. ಆದ್ದರಿಂದ ಆಸ್ಪತ್ರೆಗೆ ಆಸ್ಪತ್ರೆಯನ್ನೇ ಒಂದು ಗುಂಪಿಗೆ ಹಾಕುತ್ತಾರೆ. ಗಮನಿಸಿ, ಹಳೆಯ ಕ್ರಮದ ಆಸ್ಪತ್ರೆಗಳನ್ನೂ ಬರಿಗೈಯಲ್ಲಿ ಬಿಡಲಿಲ್ಲ. ಯಾವ ರೋಗಿಗೆ ತೊಂದರೆ ಇದೆ ಎಂಬ ತಪಾಸಣೆಯ ಫಲಿತಾಂಶವನ್ನೂ ಚಿಕಿತ್ಸೆಯ ಕೈಪಿಡಿಯನ್ನೂ ಅಲ್ಲಿಯ ವೈದ್ಯರಿಗೆ ಕೊಟ್ಟಿದ್ದರು.

2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ನಂತರ ಚೇತರಿಸಿಕೊಂಡವರು ಎಷ್ಟು? ಸರ್ಕಾರಿ ಕೇಂದ್ರಗಳಲ್ಲಿ ಹೊಸ ಕ್ರಮ ಇದ್ದ ಕಡೆ ಶೇ. 65.9, ಇಲ್ಲದ ಕಡೆ ಶೇ. 42.5. ದೊಡ್ಡ ಅಂತರ. ಖಾಸಗಿ ಕ್ಲಿನಿಕ್‌ಗಳಲ್ಲಿ ಹೊಸ ಕ್ರಮ ಇದ್ದ ಕಡೆ ಶೇ. 64.1, ಇಲ್ಲದ ಕಡೆ ಶೇ. 65.9. ಅಂತರವೇ ಇಲ್ಲ.

ಅದೇ ಯೋಜನೆ, ಅದೇ ರಾಜ್ಯ, ಅದೇ ತರಬೇತಿ. ಒಂದು ಕಡೆ ಗೆಲುವು, ಇನ್ನೊಂದು ಕಡೆ ಏನೂ ಇಲ್ಲ. ‘ಯೋಜನೆ ಯಶಸ್ವಿಯೇ?’ ಎಂದು ಕೇಳಿದರೆ ಹೌದು, ಇಲ್ಲ ಎರಡೂ ಉತ್ತರ ತಪ್ಪಾಗುತ್ತದೆ.

ನಾಲ್ಕು ಸಂಖ್ಯೆಗಳನ್ನು ಒಂದು ಕಾಗದದ ಮೇಲೆ ಬರೆದು ಸ್ವಲ್ಪ ಹೊತ್ತು ನೋಡಿ. ನಾನು ತರಗತಿಯ ಬೋರ್ಡಿನ ಮೇಲೆ ಬರೆದಾಗ ಒಬ್ಬ ವಿದ್ಯಾರ್ಥಿನಿ, “ಮೇಡಂ, ಮೂರು ಒಂದೇ ಥರ ಇವೆ, ಒಂದೇ ಬೇರೆ” ಎಂದಳು. ಸರಿಯಾಗಿ ಹಿಡಿದಳು. 66, 64, 66 ಒಂದು ಗುಂಪು, 42 ಒಂಟಿ. ಅಂದರೆ ಹೊಸ ಕ್ರಮವು ಸರ್ಕಾರಿ ಕೇಂದ್ರಗಳನ್ನು ಆಕಾಶಕ್ಕೇನೂ ಏರಿಸಲಿಲ್ಲ. ಖಾಸಗಿ ಕ್ಲಿನಿಕ್‌ಗಳಲ್ಲಿ ಮೊದಲೇ ಇದ್ದ ಮಟ್ಟಕ್ಕೆ ತಂದಿತು. ಹಾಗಾದರೆ ಪ್ರಶ್ನೆ ಬದಲಾಗುತ್ತದೆ. ಆ ಕ್ಲಿನಿಕ್‌ಗಳಲ್ಲಿ ಮೊದಲೇ ಏನಿತ್ತು?

ಒಂದು ವಿವರಣೆ ಹೀಗೆ. ಖಾಸಗಿ ಸಾಮಾನ್ಯ ವೈದ್ಯರು ಎಷ್ಟೋ ಮನೆಗಳಿಗೆ ಕುಟುಂಬದ ವೈದ್ಯರು. ಪ್ರತಿ ಸಲವೂ ಅದೇ ಮುಖ. ಮಗಳ ಮದುವೆ, ಗಂಡನ ಕೆಲಸ, ಹಳೆಯ ಕಾಯಿಲೆ ಎಲ್ಲ ಅವರಿಗೆ ಗೊತ್ತು. ಅಂಥವರ ಕೈಗೆ ‘ಇವರಿಗೆ ಖಿನ್ನತೆ ಇದೆ’ ಎಂಬ ಚೀಟಿ ಮತ್ತು ಒಂದು ಕೈಪಿಡಿ ಸಿಕ್ಕರೆ ಸಾಕಾಗುತ್ತದೆ. ಜನರಿಂದ ತುಂಬಿತುಳುಕುವ ಸರ್ಕಾರಿ ಕೇಂದ್ರದಲ್ಲಿ ವೈದ್ಯರಿಗೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಇವತ್ತು ನೋಡಿದ ವೈದ್ಯರು ಮುಂದಿನ ಸಲ ಇರುತ್ತಾರೆ ಎಂಬ ಖಾತ್ರಿಯಿಲ್ಲ. ಚೀಟಿ ಸಿಕ್ಕರೂ ಅದರ ಮೇಲೆ ಕೆಲಸ ಮಾಡಲು ಅವರಿಗೆ ಹೊತ್ತಿಲ್ಲ. ಸಮಾಲೋಚಕಿ ತುಂಬಿದ್ದು ಆ ಜಾಗವನ್ನು. ಅವಳಿಗೆ ಹೊತ್ತಿತ್ತು, ಅವಳ ಮುಖ ಬದಲಾಗುತ್ತಿರಲಿಲ್ಲ, ರೋಗಿ ಮತ್ತೆ ಬರದಿದ್ದರೆ ಅವಳಿಗೆ ಗೊತ್ತಾಗುತ್ತಿತ್ತು.

ನಾನು ಈ ವಿವರಣೆಯ ಪರ. ಆದರೂ ಸಂಖ್ಯಾಶಾಸ್ತ್ರದವಳಾಗಿ ಒಂದು ಎಚ್ಚರಿಕೆ ಹೇಳಬೇಕು. ಸರ್ಕಾರಿ ಕೇಂದ್ರಗಳ ಫಲಿತಾಂಶದಲ್ಲಿ ಹೊಸ ಕ್ರಮದಿಂದ ಚೇತರಿಕೆಯ ಸಾಧ್ಯತೆ 1.55 ಪಟ್ಟು ಎಂದು ಲೆಕ್ಕ ಬಂತು, ಆದರೆ ಅದರ ಶೇ. 95ರ ವಿಶ್ವಾಸ ಅಂತರ 1.02ರಿಂದ 2.35ರವರೆಗೆ. ಅಂದರೆ ನಿಜವಾದ ಪ್ರಯೋಜನ ಎರಡು ಪಟ್ಟಿಗಿಂತ ಹೆಚ್ಚೂ ಇರಬಹುದು, ಇಲ್ಲವೆನ್ನುವಷ್ಟು ಚಿಕ್ಕದೂ ಇರಬಹುದು. ರೋಗಿಗಳು ಸಾವಿರಾರು ಇದ್ದರೂ ಚೀಟಿ ಎತ್ತಿದ್ದು 24 ಆಸ್ಪತ್ರೆಗಳಿಗೆ, ಅವುಗಳಲ್ಲಿ ಸರ್ಕಾರಿಯವು ಹನ್ನೆರಡೇ. ಹನ್ನೆರಡು ಎಂಬುದು ಚಿಕ್ಕ ಸಂಖ್ಯೆ. ಪರೀಕ್ಷೆಯಲ್ಲಿ ‘ಮಾದರಿಯ ಗಾತ್ರ’ದ ಮೇಲೆ ಎರಡು ಅಂಕದ ಪ್ರಶ್ನೆ ಬಂದಾಗ ಇದನ್ನು ನೆನೆಯಿರಿ.

1997ರಲ್ಲಿ ರೇ ಪಾಸನ್, ನಿಕ್ ಟಿಲ್ಲಿ ಎಂಬ ಇಬ್ಬರು ಬ್ರಿಟಿಷ್ ವಿದ್ವಾಂಸರು ಮೌಲ್ಯಮಾಪನದ ಬಗ್ಗೆ ಪುಸ್ತಕ ಬರೆದು, ‘ಕೆಲಸ ಮಾಡಿತೇ’ ಎಂದಷ್ಟೇ ಕೇಳಬೇಡಿ. ಯಾರಿಗೆ, ಯಾವ ಸಂದರ್ಭದಲ್ಲಿ, ಯಾವುದರ ಮೂಲಕ ಕೆಲಸ ಮಾಡಿತು ಎಂದು ಕೇಳಿ ಎಂದು ವಾದಿಸಿದರು. ಪುಸ್ತಕದಲ್ಲಿ ಓದಿದರೆ ಒಣ ಮಾತು. ಗೋವಾದ ನಾಲ್ಕು ಸಂಖ್ಯೆಗಳ ಪಕ್ಕದಲ್ಲಿಟ್ಟರೆ ಜೀವ ಬರುತ್ತದೆ. ಯೋಜನೆ ಎಂಬುದು ಮಾತ್ರೆಯಲ್ಲ, ಎಲ್ಲಿ ನುಂಗಿದರೂ ಒಂದೇ ಪರಿಣಾಮ ಕೊಡುವುದಕ್ಕೆ. ಅದು ಬೀಜದ ಹಾಗೆ, ಮಣ್ಣು ಕೇಳುತ್ತದೆ.

ಮಣ್ಣಿನ ಮಾತು ಬಂದಾಗ ನಮ್ಮ ಬಳ್ಳಾರಿಯನ್ನು ಬಿಡುವಂತಿಲ್ಲ. ಗೋವಾಕ್ಕಿಂತ ಬಹಳ ಮುಂಚೆ ಈ ದಾರಿ ತುಳಿದದ್ದು ಕರ್ನಾಟಕ. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲೇ ಸಕಲವಾರ ಎಂಬ ಹಳ್ಳಿಯಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯದ ಕೆಲಸ ಶುರುಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡುವ ಬಗೆಯನ್ನು ರೂಪಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದ ಮೇಲೆ, ಅದೇ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿನೋಡಿದರು. ಹಳ್ಳಿಯ ಆರೋಗ್ಯ ಕಾರ್ಯಕರ್ತರು ರೋಗಿಗಳನ್ನು ಗುರುತಿಸುತ್ತಾರೆ, ಕೇಂದ್ರದ ವೈದ್ಯರು ಕೆಲವೇ ಅಗತ್ಯ ಔಷಧಗಳಿಂದ ಚಿಕಿತ್ಸೆ ಕೊಡುತ್ತಾರೆ, ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರು ಬೆನ್ನಿಗಿರುತ್ತಾರೆ, ದಾಖಲೆ ಇಡುತ್ತಾರೆ, ಕೆಲಸವನ್ನು ಆಗಾಗ ಪರಿಶೀಲಿಸುತ್ತಾರೆ. ಮೂರ್ಛೆರೋಗಕ್ಕೂ ತೀವ್ರ ಮನೋರೋಗಕ್ಕೂ ದೂರದ ಊರಿಗೆ ಹೋಗಬೇಕಿದ್ದವರು ತಮ್ಮ ಹೋಬಳಿಯಲ್ಲೇ ಮಾತ್ರೆ ಪಡೆಯುವಂತಾಯಿತು. 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಇಂದು ಅದು ದೇಶದ ಬಹುಪಾಲು ಜಿಲ್ಲೆಗಳಲ್ಲಿದೆ.

ಆದರೆ ಬಳ್ಳಾರಿಯಲ್ಲಿ ನಡೆದಂತೆ ಎಲ್ಲ ಕಡೆ ನಡೆಯಲಿಲ್ಲ. ಅನೇಕ ಜಿಲ್ಲೆಗಳಲ್ಲಿ ಮನೋವೈದ್ಯರ ಹುದ್ದೆ ಖಾಲಿ ಬಿತ್ತು, ಔಷಧ ಸರಿಯಾಗಿ ಬರಲಿಲ್ಲ, ತರಬೇತಿ ಪಡೆದ ವೈದ್ಯರು ವರ್ಗವಾಗಿ ಹೋದರು. ತರಬೇತಿ ಕಾರ್ಯಕ್ರಮವನ್ನು ನಕಲು ಮಾಡುವುದು ಸುಲಭ. ತಿಂಗಳು ತಿಂಗಳೂ ಯಾರೋ ಬಂದು ‘ಔಷಧ ಇದೆಯಾ, ಯಾವ ರೋಗಿ ಬಂದಿಲ್ಲ’ ಎಂದು ಕೇಳುವುದನ್ನು ನಕಲು ಮಾಡುವುದು ಕಷ್ಟ. ನನ್ನ ಅಭಿಪ್ರಾಯ ಹೇಳಬೇಕೆಂದರೆ, ಬಳ್ಳಾರಿಯಲ್ಲಿ ಕೆಲಸ ಮಾಡಿದ್ದು ಆ ಎರಡನೆಯದು.

ಸಕ್ಕರೆ ಕಾಯಿಲೆಯ ಜೊತೆ ಖಿನ್ನತೆಯೂ ಇದ್ದವರ ಬಗ್ಗೆ 2020ರಲ್ಲಿ ಪ್ರಕಟವಾದ ಇನ್ನೊಂದು ಭಾರತೀಯ ಪ್ರಯೋಗವೂ ಇದೇ ಕಡೆಗೆ ಕೈತೋರಿಸುತ್ತದೆ. ದೆಹಲಿ, ಚೆನ್ನೈ, ವಿಶಾಖಪಟ್ಟಣ ಮತ್ತು ಬೆಂಗಳೂರಿನ ನಾಲ್ಕು ಮಧುಮೇಹ ಚಿಕಿತ್ಸಾಲಯಗಳಲ್ಲಿ 404 ರೋಗಿಗಳು. ಅರ್ಧದಷ್ಟು ಜನರಿಗೆ ಒಬ್ಬ ಸಂಯೋಜಕರನ್ನು ಕೊಟ್ಟರು. ಅವರು ವೈದ್ಯರಲ್ಲ, ರೋಗಿಯ ಬೆನ್ನುಹತ್ತಿ ವಿಚಾರಿಸುವುದು, ಅಂಕಿಅಂಶ ದಾಖಲಿಸುವುದು, ಸುಧಾರಿಸದವರ ವಿಷಯವನ್ನು ತಜ್ಞರ ಮುಂದಿಡುವುದು ಅವರ ಕೆಲಸ. ಖಿನ್ನತೆ ಅರ್ಧಕ್ಕೆ ಇಳಿದು, ಜೊತೆಗೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಮೂರರಲ್ಲಿ ಒಂದಾದರೂ ಸುಧಾರಿಸಿದರೆ ಗೆಲುವು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದರು. ಎರಡು ವರ್ಷದ ಕೊನೆಗೆ ಆ ಗುಂಪಿನಲ್ಲಿ ಶೇ. 71.6, ಎಂದಿನ ಚಿಕಿತ್ಸೆಯಲ್ಲಿ ಶೇ. 57.4. ಎಂದಿನ ಚಿಕಿತ್ಸೆಯಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಸುಧಾರಿಸಿದ್ದಾರೆ ಎಂಬುದನ್ನು ನೋಡಿ. ಮತ್ತೆ ಕ್ಯಾಮ್ಡೆನ್ ಪಾಠ. ಇವು ಪಟ್ಟಣದ ವಿಶೇಷ ಚಿಕಿತ್ಸಾಲಯಗಳು ಎಂಬುದನ್ನೂ ಮರೆಯಬಾರದು. ಅಮ್ಮಿಗೆ ಇದನ್ನೆಲ್ಲ ಹೇಳಿದಾಗ, “ಅಂದರೆ ಹೇಗಿದ್ದೀರಿ ಅಂತ ಫೋನ್ ಮಾಡಿ ಕೇಳೋರು ಬೇಕು ಅಂತ ಇಷ್ಟು ಲೆಕ್ಕ ಹಾಕಿದರಾ?” ಎಂದರು. ಹೌದು, ಇಷ್ಟು ಲೆಕ್ಕ ಹಾಕದಿದ್ದರೆ ಆ ಫೋನ್ ಮಾಡುವವರಿಗೆ ಸಂಬಳ ಕೊಡಲು ಯಾರೂ ಒಪ್ಪುವುದಿಲ್ಲ.

ಈಗ ನಮ್ಮ ಬಾಗಿಲಿಗೆ. ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಆರಂಭವಾಯಿತು. ಮನೆಮನೆಗೆ ಹೋಗಿ ಸಕ್ಕರೆ, ಬಿಪಿ ತಪಾಸಣೆ ಮಾಡುವ ಯೋಜನೆ ಅದು. ನಮ್ಮ ಎನ್ನೆಸ್ಸೆಸ್ ಘಟಕದ ವಾರ್ಷಿಕ ಶಿಬಿರದಲ್ಲೂ ಆರೋಗ್ಯ ತಪಾಸಣೆ ಇರುತ್ತದೆ. ಇಂಥ ಕೆಲಸವನ್ನು ಅಳೆಯಲು ಒಂದು ಸರಳ ಸಾಧನವಿದೆ, ಅದನ್ನು ಜಾರುಬಂಡಿ ಎಂದು ಕರೆಯೋಣ. ಬರೀ ಉದಾಹರಣೆಗೆ ಹೇಳುತ್ತೇನೆ: ಒಂದು ಹಳ್ಳಿಯಲ್ಲಿ ಸಕ್ಕರೆ ಕಾಯಿಲೆ ಇರುವವರು 100 ಜನ ಎಂದಿಟ್ಟುಕೊಳ್ಳಿ. ತಪಾಸಣೆಗೆ ಬಂದವರು 70. ‘ನಿಮಗೆ ಸಕ್ಕರೆ ಇದೆ’ ಎಂಬ ಮಾತು ತಲುಪಿದ್ದು 60 ಜನರಿಗೆ. ಅವರಲ್ಲಿ ಆಸ್ಪತ್ರೆಗೆ ಹೋದವರು 30. ಆರು ತಿಂಗಳು ಬಿಡದೆ ಮಾತ್ರೆ ತೆಗೆದುಕೊಂಡವರು 15. ಸಕ್ಕರೆ ಹತೋಟಿಗೆ ಬಂದವರು 8. ವರದಿಯಲ್ಲಿ ಅಚ್ಚಾಗುವ ಸಂಖ್ಯೆ 70. ಹಳ್ಳಿಗೆ ಬೇಕಾದ ಸಂಖ್ಯೆ 8. ಹೆಚ್ಚು ಜನ ಜಾರಿಬಿದ್ದದ್ದು ಯಾವ ಮೆಟ್ಟಿಲಿನಲ್ಲಿ ಎಂದು ನೋಡಿದರೆ ಯೋಜನೆಯನ್ನು ಎಲ್ಲಿ ಸರಿಪಡಿಸಬೇಕು ಎಂಬುದೂ ತಿಳಿಯುತ್ತದೆ. ಈ ಉದಾಹರಣೆಯಲ್ಲಿ ಇನ್ನೊಂದು ತಪಾಸಣಾ ಶಿಬಿರ ಮಾಡಿದರೆ ಹೆಚ್ಚು ಲಾಭವಿಲ್ಲ. ಗೊತ್ತಾದ 60 ಜನರಲ್ಲಿ ಉಳಿದ 30 ಜನ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಕೇಳಬೇಕು. ಕೂಲಿ ತಪ್ಪುತ್ತದೆ ಎಂದೋ, ಜೊತೆಗೆ ಬರುವವರಿಲ್ಲ ಎಂದೋ, ಮಾತ್ರೆ ಶುರುಮಾಡಿದರೆ ಬಿಡುವಂತಿಲ್ಲ ಎಂಬ ಹೆದರಿಕೆಯೋ. ಇದಕ್ಕೆ ಉತ್ತರ ಅಂಕಿಯಲ್ಲಿ ಸಿಗುವುದಿಲ್ಲ, ಜಗಲಿಯ ಮೇಲೆ ಕೂತು ಕೇಳಿದರೆ ಸಿಗುತ್ತದೆ.

ಈ ವರ್ಷದ ಶಿಬಿರಕ್ಕೆ ನಾನೂ ಎನ್ನೆಸ್ಸೆಸ್ ಅಧಿಕಾರಿಗಳೂ ಒಂದು ಸಣ್ಣ ಬದಲಾವಣೆ ಯೋಚಿಸಿದ್ದೇವೆ. ತಪಾಸಣೆಯಲ್ಲಿ ಸಕ್ಕರೆ, ಬಿಪಿ ಹೆಚ್ಚಿರುವವರ ಹೆಸರನ್ನು ಅವರ ಒಪ್ಪಿಗೆಯಿಂದ ಮಾತ್ರ ಬರೆದುಕೊಳ್ಳುವುದು. ಪಟ್ಟಿ ಆ ಊರಿನ ಆಶಾ ಕಾರ್ಯಕರ್ತೆಯ ಬಳಿಯೇ ಇರುತ್ತದೆ, ಕಾಲೇಜಿಗೆ ಬರುವುದಿಲ್ಲ. ಆರು ವಾರಕ್ಕೊಮ್ಮೆ, ಮತ್ತೆ ಆರು ತಿಂಗಳಿಗೊಮ್ಮೆ ನಮ್ಮ ಇಬ್ಬಿಬ್ಬರು ಅವರ ಜೊತೆ ಅದೇ ಮನೆಗಳಿಗೆ ಹೋಗುತ್ತಾರೆ. ಕೇಳುವುದು ಮೂರೇ ಪ್ರಶ್ನೆ: ಆಸ್ಪತ್ರೆಗೆ ಹೋದಿರಾ, ಮಾತ್ರೆ ಸಿಗುತ್ತಿದೆಯೇ, ಹೋಗದಿದ್ದರೆ ಏನು ತೊಡಕು? ಪಕ್ಕದ ಇನ್ನೊಂದು ಹಳ್ಳಿಯಲ್ಲಿ ಶಿಬಿರ ಮಾತ್ರ ನಡೆಯುತ್ತದೆ, ಆರು ವಾರದ ಭೇಟಿ ಇರುವುದಿಲ್ಲ; ಆರು ತಿಂಗಳ ಭೇಟಿ ಎರಡೂ ಕಡೆ ಇರುತ್ತದೆ. ಯಾವ ಹಳ್ಳಿ ಯಾವುದು ಎಂಬುದನ್ನು ನಿಮ್ಮೆದುರೇ ಚೀಟಿ ಎತ್ತಿ ನಿರ್ಧರಿಸುತ್ತೇವೆ. ಎರಡೇ ಹಳ್ಳಿಯಿಂದ ಏನನ್ನೂ ಸಾಬೀತು ಮಾಡಲಾಗದು ಎಂದು ನನಗೆ ಗೊತ್ತು, ಮೇಲಿನ ಹನ್ನೆರಡರ ಮಾತು ಓದಿದ ನಿಮಗೂ ಗೊತ್ತು. ಆದರೂ ಜನ ಯಾವ ಮೆಟ್ಟಿಲಿನಲ್ಲಿ ಜಾರುತ್ತಾರೆ ಎಂಬುದಾದರೂ ಕಾಣುತ್ತದೆ. ಎರಡನೆಯ ಹಳ್ಳಿಯಲ್ಲಿ ತೀರಾ ಹೆಚ್ಚು ಬಿಪಿ, ಸಕ್ಕರೆ ಇರುವವರನ್ನು ಹಾಗೇ ಬಿಡುವುದಿಲ್ಲ, ಅಂದೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡು ಎರಡೂ ಕಡೆ ಇದೆ.

ಆರು ತಿಂಗಳ ಭೇಟಿ ನಿಮ್ಮ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಬರುತ್ತದೆ, ಆದ್ದರಿಂದ ಅದಕ್ಕೆ ಪ್ರಥಮ ಪಿಯುದವರೇ ಹೆಚ್ಚು ಬೇಕು. ಹಳ್ಳಿಯ ಹೆಂಗಸರ ಜೊತೆ ಮಾತಾಡಲು ಹುಡುಗಿಯರು, ಕನ್ನಡದ ಜೊತೆ ಉರ್ದು ಬಲ್ಲವರು ಕನಿಷ್ಠ ನಾಲ್ವರು ಬೇಕು. ಹೆಸರು ಕೊಡುವವರು ಶುಕ್ರವಾರ ಬಿಟ್ಟು ಬೇರೆ ಯಾವ ದಿನವಾದರೂ ಊಟದ ಬಿಡುವಿನಲ್ಲಿ ಸಂಖ್ಯಾಶಾಸ್ತ್ರ ವಿಭಾಗಕ್ಕೆ ಬನ್ನಿ. ಮೊದಲ ಭೇಟಿಯ ಲೆಕ್ಕವನ್ನು, ಅದು ಹೇಗೇ ಬಂದಿರಲಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕಲು ಸಂಪಾದಕರು ಒಪ್ಪಿದ್ದಾರೆ.